ಹಳೇ ಒಲೆಗೆ ಕಬ್ಬಿಣದ ಹೊಟ್ಟೆ

2016ರಲ್ಲಿ ಉಜ್ವಲಾ ಯೋಜನೆ ಶುರುವಾಗಿ ಹಳ್ಳಿಗಳಿಗೆಲ್ಲ ಸಿಲಿಂಡರ್ ಬಂತು. ಆದ್ರೂ ನಮ್ಮ ಡಾಬಕಾ, ಔರಾದ ಕಡೆ ಕಲ್ಲು-ಮಣ್ಣಿನ ಒಲೆ ಆರಿಲ್ಲ. ತೊಗರಿ ರಾಶಿ ಮುಗಿದರೆ ಕಟ್ಟಿಗೆ ಹೊಲದಲ್ಲೇ ಪುಕ್ಕಟೆ. ಚಹಾಕ್ಕೆ ಗ್ಯಾಸ್, ರೊಟ್ಟಿಗೆ ಒಲೆ. ಹೊಗೆ ಮಾತ್ರ ರೊಟ್ಟಿ ಬಡಿಯೋರ ಪಾಲಿಗೆ. ನಮ್ಮವ್ವನ ಕೆಮ್ಮು ಫೋನಿನಲ್ಲೇ ಕೇಳಿಸತೊಡಗಿದಾಗ, ಇದ್ದ ಒಲೆ ಕೆಡವದೆ ಅದರೊಳಗೆ ಕಬ್ಬಿಣದ ಪೆಟ್ಟಿಗೆ ಕೂರಿಸಿ ಹೊಗೆಕೊಳವೆ ಹಾಕಿಸೋದು ಅಂತ ತೀರ್ಮಾನ ಮಾಡಿದೆ.

ವಿಚಾರ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ 'ಅಸ್ತ್ರ' ಕೇಂದ್ರ, 80ರ ದಶಕದಲ್ಲಿ ಅಸ್ತ್ರ ಒಲೆ ರೂಪಿಸಿತು. ಕೆಳಗೆ ಜಾಲರಿ, ಮುಚ್ಚಿದ ಬಾಯಿ, ಮೂರು ಪಾತ್ರೆ, ಹಿಂದೆ ಹೊಗೆಕೊಳವೆ. ಜಾಲರಿಯೇ ಮುಖ್ಯ. ನಮ್ಮ ಒಲೆಗೆ ಗಾಳಿ ಬಾಯಿಂದಷ್ಟೇ ಬರ್ತದೆ, ಕಟ್ಟಿಗೆಯ ಬುಡಕ್ಕೆ ಸರಿಯಾಗಿ ತಾಗೋದಿಲ್ಲ. ಅರ್ಧಮರ್ಧ ಸುಟ್ಟಿದ್ದೇ ಹೊಗೆ.

ನಾನು ಬರೆದ ನಕ್ಷೆಯಲ್ಲೂ ಬಾಯಿಗೆ ಬಾಗಿಲಿತ್ತು. ಅವ್ವ ನೋಡಿ, "ರೊಟ್ಟಿ ಎಲ್ಲಿ ನಿಲ್ಲಿಸಲೋ?" ಅಂದಳು. ಹಂಚಿನಿಂದ ತೆಗೆದ ರೊಟ್ಟಿಯನ್ನು ಬಾಯಿಯ ಕೆಂಡಕ್ಕೆ ಆನಿಸಿ ನಿಲ್ಲಿಸಿದರೇನೇ ಅದು ಉಬ್ಬೋದು. ಬಾಗಿಲು ಮುಚ್ಚಿದರೆ ಆ ಜಾಗವೇ ಹೋಯ್ತು! ಆಫೀಸಿನಲ್ಲಿ ಗ್ರಾಹಕರ ಬೇಡಿಕೆ ಪಟ್ಟಿ ಮಾಡೋಕೆ ವಾರಗಟ್ಟಲೆ ಮೀಟಿಂಗ್ ಮಾಡ್ತೀವಿ; ಇಲ್ಲಿ ಒಂದೇ ಪ್ರಶ್ನೆಗೆ ನಕ್ಷೆ ಬದಲಾಯ್ತು. ಬಾಗಿಲು ಬಿಟ್ಟು, ಜಾಲರಿಯ ಮುಂದೆ ಒಂದು ಗೇಣು ಕೆಂಡದ ತಟ್ಟೆ ಚಾಚಿಸಿದೆವು. ಬಾಯಿ ತೆರೆದಿರೋದ್ರಿಂದ ಹೊಗೆ ಪೂರ್ತಿ ನಿಲ್ಲೋದಿಲ್ಲ. ಅದು ಗೊತ್ತಿದ್ದೇ ಒಪ್ಪಿಕೊಂಡದ್ದು.

ಪೆಟ್ಟಿಗೆಗೆ 3 ಮಿಲಿಮೀಟರ್ ದಪ್ಪದ ತಗಡು. ತೆಳು ತಗಡು ಬಿಸಿಗೆ ಸೊಟ್ಟಗಾಗ್ತದೆ. ಕಬ್ಬಿಣ ಹಿಗ್ಗೋದ್ರಿಂದ ಕಲ್ಲಿಗೆ ಬಿಗಿಯಾಗಿ ಕೂರಿಸಬಾರದು: ಸುತ್ತ ಬೆರಳಗಲ ಸಂದು ಬಿಟ್ಟು, ಸೋಸಿದ ಬೂದಿ ತುಂಬಿ, ಮೇಲೆ ಕೆಮ್ಮಣ್ಣು-ಸೆಗಣಿ ಮೆತ್ತಿದೆವು. ಗೌಂಡಿ ಸಿಮೆಂಟ್ ಅಂದ, ಬೇಡ ಅಂದೆ. ಬೆಂಕಿಯ ಬಾಯಲ್ಲಿ ಅದು ಬಿರೀತದೆ.

ನನಗೆ ಭಯ ಇದ್ದದ್ದು ಕೊಳವೆಯದು. ನಮ್ಮದು ಮಣ್ಣಿನ ಮಾಳಿಗೆ, ಕೆಳಗೆಲ್ಲ ಕಟ್ಟಿಗೆಯ ಜಂತಿ. ಒಂದೇ ಪದರದ ಬಿಸಿ ಕೊಳವೆಗೂ ಮರಕ್ಕೂ ಒಂದೂವರೆ ಅಡಿ ಅಂತರ ಇರಲೇಬೇಕು. ಜಂತಿಗಳ ನಡುವೆ ಅಷ್ಟು ಸಿಗಲಿಲ್ಲ. ಹಾಗಾಗಿ ಬೆಳಕಿಂಡಿಯ ಆಸೆ ಬಿಟ್ಟು, ಕಲ್ಲಿನ ಗೋಡೆ ಕೊರೆದು ಹೊರಗೆ ತಂದೆವು. ಹೊರಗೆ ಕೊಳವೆ ಬೇಗ ತಣ್ಣಗಾಗಿ ಸೆಳೆತ ಕಮ್ಮಿಯಾಗ್ತದೆ, ಮಸಿ ಜಾಸ್ತಿ ಕೂರ್ತದೆ. ಅದಕ್ಕೇ ಕುಂಬಿಗಿಂತ ಮೂರು ಅಡಿ ಎತ್ತರಿಸಿ ಮೇಲೆ ಮಳೆಟೋಪಿ ಹಾಕಿದೆವು. ಬೆಂಕಿ ಹಚ್ಚೋ ಮೊದಲು ಒಂದು ಕಾಗದ ಉರಿಸಿ ಒಳಗಿಟ್ಟರೆ ಸೆಳೆತ ಹಿಡೀತದೆ.

ಇಷ್ಟಾದ್ರೂ ಕೆಲಸ ಮುಗಿಯೋದಿಲ್ಲ. ಆಮೇಲೆ ನೊಬೆಲ್ ಪಡೆದ ಎಸ್ತರ್ ಡಫ್ಲೊ ಮತ್ತು ಜೊತೆಗಾರರು ಒಡಿಶಾದಲ್ಲಿ ಕೊಳವೆ ಒಲೆ ಕೊಟ್ಟ ಮನೆಗಳನ್ನು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಹೊಗೆ ಕುಡಿಯೋದು ಕಮ್ಮಿಯಾಯ್ತು, ಆಮೇಲೆ ಆ ಲಾಭ ಉಳೀಲಿಲ್ಲ. ಜನ ಒಲೆಯನ್ನು ರಿಪೇರಿ ಮಾಡಲಿಲ್ಲ, ಬಳಸೋದೂ ಕಮ್ಮಿಯಾಯ್ತು. ಅದಕ್ಕೇ ನಮ್ಮ ಕೊಳವೆಯ ಬಾಗಿನಲ್ಲಿ ಕೈಯಿಂದ ಬಿಚ್ಚೋ ಮುಚ್ಚಳ ಇಡಿಸಿದ್ದೇನೆ. ಪ್ರತಿ ಅಮಾವಾಸ್ಯೆಗೆ ಮಸಿ ತೆಗೆಯೋದು ತಮ್ಮನ ಕೆಲಸ. ತೆಗೆದ ಮಸಿಯ ಫೋಟೋ ನನಗೆ ಬರಬೇಕು. ಬರದಿದ್ದರೆ ಅವ್ವನೇ ಫೋನ್ ಮಾಡಿ ಚಾಡಿ ಹೇಳ್ತಾಳೆ.