ದಡಕ್ಕಿಳಿದ ದಿನ ಯಾರದು?

ಕಳೆದ ವಾರ ನಮ್ಮ ಕಚೇರಿಗೆ ಹಿರಿಯರೊಬ್ಬರು ಬಂದಿದ್ದರು. ಹತ್ತಿ ಗಿರಣಿಯ ನೇಯ್ಗೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು. ಗಿರಣಿ ಮುಚ್ಚಿ ಬಹಳ ಕಾಲವಾಯಿತು. ಮಗಳು ಓದಿ ಮುಂದೆ ಬಂದು ಅಮೇರಿಕದ ಬಾಸ್ಟನ್ ನಗರದಲ್ಲಿ ಕೆಲಸದಲ್ಲಿದ್ದಾಳೆ. ಈ ಶರತ್ಕಾಲದಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು, ಬಾಸ್ಟನ್ನಿನಿಂದ ಕೆನಡಾದ ಕರಾವಳಿಯವರೆಗೆ ಹೋಗಿಬರುವ ವಿಹಾರದ ಹಡಗಿನಲ್ಲಿ ಒಂದು ವಾರ ಸುತ್ತಾಡಿಸಬೇಕೆಂದು ಅವಳ ಆಸೆ. ಟಿಕೇಟು ಕೊಂಡಾಗಿದೆ. ಆದರೂ ಹಿರಿಯರ ಮುಖದಲ್ಲಿ ಚಿಂತೆಯಿತ್ತು.

“ಸ್ವಾಮಿ, ಹಡಗಿನ ಟಿಕೇಟಿನ ಹಣ ಒಂದಾಯಿತು. ಬಂದರಿನಲ್ಲಿ ಇಳಿದು ಊರು ನೋಡಬೇಕಾದರೆ ತಲೆಗೆ ಇಷ್ಟೆಂದು ಮತ್ತೆ ಬೇರೆ ಹಣವಂತೆ. ಅವರ ಬಸ್ಸು, ಅವರ ಗೈಡು, ಅವರು ತೋರಿಸಿದ ಅಂಗಡಿ. ನಾವೇ ಇಳಿದು ನಮ್ಮ ಪಾಡಿಗೆ ನಾವು ನೋಡಿ ಬರೋಕೆ ಬಿಡೋದಿಲ್ಲವೆ?”

ಬಿಡುತ್ತಾರೆ. ಯಾರೂ ತಡೆಯುವುದಿಲ್ಲ. ಆದರೆ ಬಿಡುತ್ತಾರೆಂಬ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕುವುದೂ ಇಲ್ಲ. ಅದಕ್ಕಾಗಿಯೇ ಈ ನಾಲ್ಕು ಮಾತು.

ಹಡಗಿನ ವಿಹಾರಕ್ಕೂ ನಮಗೂ ಏನು ಸಂಬಂಧವೆಂದು ಕೆಲವು ಓದುಗರು ಕೇಳಬಹುದು. ನಮ್ಮ ಓಣಿಗಳಿಂದಲೇ ಎಷ್ಟು ಮಕ್ಕಳು ಇಂದು ಹೊರದೇಶದಲ್ಲಿ ದುಡಿಯುತ್ತಿದ್ದಾರೆ ನೋಡಿ. ಅವರು ತಂದೆ ತಾಯಿಯರನ್ನು ಕರೆಸಿಕೊಳ್ಳುತ್ತಾರೆ, ಊರು ತೋರಿಸುತ್ತಾರೆ. ಅದು ಸಂತೋಷದ ಸಂಗತಿ. ಜೀವಮಾನವೆಲ್ಲ ಪಾಳಿಯ ಲೆಕ್ಕದಲ್ಲಿ ಬದುಕಿದವನಿಗೆ ಒಂದು ವಾರ ಸಮುದ್ರ ನೋಡುವ ಹಕ್ಕು ಇಲ್ಲವೆ? ನಮ್ಮ ಪ್ರಶ್ನೆ ಇಷ್ಟೆ: ಆ ವಾರದಲ್ಲಿಯೂ ಇನ್ನೊಬ್ಬರು ಎಳೆದ ದಾರಿಯಲ್ಲೇ ಏಕೆ ನಡೆಯಬೇಕು?

ದಲಾಲಿಯ ಲೆಕ್ಕ

ಹಡಗಿನ ಒಳಗಿನ ವ್ಯಾಪಾರ ನಮ್ಮ ಮಂಡಿಯ ವರ್ತಕರಿಗೆ ಸುಲಭವಾಗಿ ಅರ್ಥವಾದೀತು. ದಡದಲ್ಲಿ ಬಸ್ಸು ಇಟ್ಟುಕೊಂಡವನೊಬ್ಬನಿದ್ದಾನೆ. ಅವನು ಊರು ಸುತ್ತಿಸಲು ಒಂದು ದರ ಹೇಳುತ್ತಾನೆ. ಹಡಗಿನ ಕಂಪೆನಿ ಅದರ ಮೇಲೆ ತನ್ನ ಪಾಲನ್ನು ಏರಿಸಿ ಪ್ರಯಾಣಿಕನಿಗೆ ಮಾರುತ್ತದೆ. ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ಕುಳಿತವನ ತಕ್ಕಡಿ ಎಂದೂ ಬರಿದಾಗುವುದಿಲ್ಲವೆಂಬುದು ನಮಗೆ ಹೊಸ ಪಾಠವೆ? ಪ್ರಯಾಣಿಕನು ಮುಂಜಾನೆ ಹಡಗಿನಲ್ಲೇ ಉಂಡು, ಹಡಗಿನವರು ಗೊತ್ತುಮಾಡಿದ ಬಸ್ಸಿನಲ್ಲಿ ಕುಳಿತು, ಅವರು ನಿಲ್ಲಿಸಿದ ಕಡೆ ಇಳಿದು, ಮಧ್ಯಾಹ್ನ ಮತ್ತೆ ಹಡಗಿಗೇ ಬಂದು ಉಂಡರೆ, ಆ ಊರಿನ ಚಹದಂಗಡಿಯವನಿಗೆ ದಕ್ಕಿದ್ದೇನು? ಬೀದಿಯ ತುಂಬ ಜನ, ಗಲ್ಲಾದಲ್ಲಿ ಮಾತ್ರ ಚಿಲ್ಲರೆ.

ಈ ಹಡಗುಗಳು ಕೆನಡಾದ ಬಂದರುಗಳನ್ನು ಮುಟ್ಟುವುದರ ಹಿಂದೆ ಕೆಂಪು ಹಳದಿ ಎಲೆಗಳ ಸೊಬಗು ಮಾತ್ರವಲ್ಲ, ಒಂದು ಕಾನೂನೂ ಇದೆ. 1886ರ ಅಮೇರಿಕದ ಕಾಯಿದೆಯ ಪ್ರಕಾರ, ಪರದೇಶದ ಧ್ವಜ ಹಾರಿಸುವ ಹಡಗು ನಡುವೆ ಹೊರದೇಶದ ಬಂದರನ್ನು ಮುಟ್ಟದೆ ಅಮೇರಿಕದ ಬಂದರಿನಿಂದ ಅಮೇರಿಕದ ಬಂದರಿಗೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ದೊಡ್ಡ ವಿಹಾರದ ಹಡಗುಗಳ ಪೈಕಿ ಬಹುಪಾಲು ಬಹಾಮಾಸ್, ಪನಾಮ, ಬರ್ಮುಡಗಳಂಥ ಕಡೆ ದಾಖಲಾದವು. ತೆರಿಗೆ ಮತ್ತು ಕೂಲಿಯ ಕಟ್ಟಳೆಗಳು ಅಲ್ಲಿ ಹಗುರ. ಲಾಭಕ್ಕಾಗಿ ಪರದೇಶದ ಬಾವುಟ. ಆ ಬಾವುಟದ ದೆಸೆಯಿಂದ ಕೆನಡಾದ ಬಂದರು!

ಗಡಿಯಾರ ಮತ್ತು ಕಾಗದ

ಸ್ವತಂತ್ರವಾಗಿ ತಿರುಗುವುದೆಂದರೆ ಕಂಡಕಂಡಲ್ಲಿ ಅಲೆಯುವುದಲ್ಲ. ಕಂಪೆನಿಯ ಬಸ್ಸಿನಲ್ಲಿ ಹೋದರೆ ಲೆಕ್ಕ ಕಂಪೆನಿಯದು; ತಾನೇ ಹೋದರೆ ಲೆಕ್ಕ ತನ್ನದು.

ಮೊದಲನೆಯದು ಸಮಯ. ಹಡಗಿನವರು ಏರ್ಪಡಿಸಿದ ಸುತ್ತಾಟ ತಡವಾದರೆ ಹಡಗು ಕಾಯುತ್ತದೆ, ಇಲ್ಲವೆ ಆ ಜನರನ್ನು ಮುಂದಿನ ಬಂದರಿಗೆ ಮುಟ್ಟಿಸುತ್ತದೆ. ತಾನಾಗಿ ಹೋದವನಿಗಾಗಿ ಕಾಯುವುದಿಲ್ಲ. ಗಿರಣಿಯ ಕೂಗು ನಿಂತ ಮೇಲೆ ಗೇಟು ಮುಚ್ಚುತ್ತಿದ್ದುದನ್ನು ನಮ್ಮ ಹಿರಿಯರು ಮರೆತಿಲ್ಲವಷ್ಟೆ, ಇದೂ ಹಾಗೆಯೆ. ಮೇಲಾಗಿ ಹ್ಯಾಲಿಫ್ಯಾಕ್ಸ್, ಸಿಡ್ನಿ, ಸೇಂಟ್ ಜಾನ್ ಬಂದರುಗಳ ಗಡಿಯಾರ ಬಾಸ್ಟನ್ನಿನದಕ್ಕಿಂತ ಒಂದು ಗಂಟೆ ಮುಂದೆ. ಹಡಗು ಕೆಲವು ಸಲ ತನ್ನ ಗಡಿಯಾರವನ್ನು ಬದಲಿಸುತ್ತದೆ, ಕೆಲವು ಸಲ ಇಲ್ಲ. ಇಳಿಯುವಾಗ ಹಡಗಿನ ವೇಳೆ ಎಷ್ಟೆಂದು ಕೇಳಿ ಕೈಗಡಿಯಾರವನ್ನು ಅದಕ್ಕೇ ಇಟ್ಟುಕೊಳ್ಳಬೇಕು. ಹೇಳಿದ ವೇಳೆಗೆ ಒಂದೂವರೆ ಗಂಟೆ ಮೊದಲೇ ಬಂದರಿನ ಹತ್ತಿರವಿರುವಂತೆ ದಿನವನ್ನು ಕತ್ತರಿಸಿಕೊಳ್ಳಬೇಕು.

ಎರಡನೆಯದು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಅಮೇರಿಕದ ವೀಸಾ ಒಂದೇ ಸಾಲದು. ಕೆನಡಾದ ವೀಸಾ ಬೇರೆಯಾಗಿಯೇ ಬೇಕು. ಅಮೇರಿಕಕ್ಕೆ ಮರಳಿ ಕಾಲಿಡಲು ಅನುಮತಿಯಿದೆಯೆ ಎಂಬುದನ್ನೂ ಮನೆಯಲ್ಲೇ ನೋಡಿಕೊಳ್ಳಬೇಕು.

ಮೂರನೆಯದು ಪಂಚಾಂಗ. ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಎರಡೂ ದೇಶಗಳಲ್ಲಿ ರಜೆ. ಆ ದಿನ, ಹಾಗೆಯೇ ಭಾನುವಾರಗಳಲ್ಲಿ, ಬಸ್ಸಿನ ವೇಳೆ ಬೇರೆ, ಬಾಗಿಲು ತೆರೆಯುವ ಅಂಗಡಿ ಕಡಿಮೆ. ಆ ತಿಂಗಳು ಕಳೆಯುತ್ತ ಬಂದಂತೆ ವಸ್ತುಸಂಗ್ರಹಾಲಯಗಳೂ ಒಂದೊಂದಾಗಿ ಬಾಗಿಲು ಹಾಕುತ್ತವೆ. ಊರಿಗೆ ಮೊದಲೇ ವಿಚಾರಿಸುವುದು ಜಾಣತನ.

ನಮ್ಮವರನ್ನು ಹುಡುಕಿ ಹೋಗಿ

ಇಷ್ಟೆಲ್ಲ ಕಷ್ಟ ಏಕೆ ಪಡಬೇಕು? ಕಂಪೆನಿಯ ಬಸ್ಸು ದೀಪಸ್ತಂಭವನ್ನು ತೋರಿಸುತ್ತದೆ, ಶ್ರೀಮಂತರ ಬಂಗಲೆಗಳನ್ನು ತೋರಿಸುತ್ತದೆ. ಆ ಊರನ್ನು ಕಟ್ಟಿದವರನ್ನು ತೋರಿಸುವುದು ಅಪರೂಪ. ಅವರನ್ನು ನಾವೇ ಹುಡುಕಬೇಕು. ನಮ್ಮ ಹಿರಿಯರಿಗೆ ನಾವು ಬರೆದುಕೊಟ್ಟ ಪಟ್ಟಿ ಇದು.

ಹಡಗು ಹತ್ತುವ ಹಿಂದಿನ ದಿನ ಬಾಸ್ಟನ್ನಿನ ಉತ್ತರ ನಿಲ್ದಾಣದಿಂದ ಲೋವೆಲ್ ಎಂಬ ಊರಿಗೆ ಹೋಗಬೇಕು. ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. 1820ರ ದಶಕದಲ್ಲಿ ನದಿಯ ನೀರಿನ ಬಲದಿಂದ ಎದ್ದ ಹತ್ತಿ ಗಿರಣಿಗಳ ಊರು. ಅಲ್ಲಿಯ ಬೂಟ್ ಗಿರಣಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಿದ್ಯುತ್ ಮಗ್ಗಗಳನ್ನು ಇಂದಿಗೂ ಓಡಿಸಿ ತೋರಿಸುತ್ತಾರೆ. ಸದ್ದಿಗೆ ಕಿವಿಗೆ ಬಿರಡೆ ಕೊಡುತ್ತಾರೆ. ನಮ್ಮ ಹಿರಿಯರಿಗೆ ಆ ಬಿರಡೆ ಬೇಕಾಗಲಾರದು! ಆ ಗಿರಣಿಗಳಲ್ಲಿ ದುಡಿದ ಹಳ್ಳಿಯ ಹೆಣ್ಣುಮಕ್ಕಳು 1834ರಲ್ಲಿ ಕೂಲಿ ಕಡಿತದ ವಿರುದ್ಧ ಕೆಲಸ ನಿಲ್ಲಿಸಿ ಬೀದಿಗಿಳಿದರು. 1836ರಲ್ಲಿ ಮತ್ತೊಮ್ಮೆ ಇಳಿದರು. ಅವರು ನೂತ ಹತ್ತಿಯನ್ನು ದಕ್ಷಿಣದ ತೋಟಗಳಲ್ಲಿ ಬಿಡಿಸಿದವರು ಗುಲಾಮರು. ಒಂದು ನೂಲಿನ ಎರಡು ತುದಿಯಲ್ಲಿಯೂ ಕಣ್ಣೀರು.

ಹ್ಯಾಲಿಫ್ಯಾಕ್ಸ್‌ನಲ್ಲಿ ಹಡಗು ನಿಲ್ಲುವ ಕಟ್ಟೆಯ ಪಕ್ಕದಲ್ಲೇ 21ನೆಯ ಧಕ್ಕೆಯಿದೆ. 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ವಲಸೆಗಾರರು ಈ ಬಾಗಿಲಿನಿಂದ ಕೆನಡಾಕ್ಕೆ ಬಂದರು. ಅಲ್ಲಿಂದ ನಗರದ ಬಸ್ಸಿನಲ್ಲಿ ಫೇರ್‌ವ್ಯೂ ಲಾನ್ ಸ್ಮಶಾನಕ್ಕೆ ಹೋಗಬಹುದು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ 121 ಜನರನ್ನು ಅಲ್ಲಿ ಮಣ್ಣುಮಾಡಲಾಗಿದೆ. ಒಂದು ಕಲ್ಲಿನ ಮೇಲೆ ಜೆ. ಡಾಸನ್ ಎಂಬ ಹೆಸರಿದೆ. 1997ರಲ್ಲಿ ಬಂದ ಸಿನಿಮಾದ ನಾಯಕ ಇವನೇ ಎಂದುಕೊಂಡು ಎಷ್ಟೋ ಜನ ಅಲ್ಲಿ ಹೂವಿಟ್ಟು ಹೋದರು. ನಿಜವಾಗಿ ಆತ ಜೋಸೆಫ್ ಡಾಸನ್. ಹಡಗಿನ ಹೊಟ್ಟೆಯಲ್ಲಿ ಕುಲುಮೆಗಳಿಗೆ ಕಲ್ಲಿದ್ದಲು ಹೊತ್ತು ಹಾಕುತ್ತಿದ್ದ ಕೂಲಿಗಾರ. ಸಿನಿಮಾದ ನಾಯಕನಿಗೆ ಹೂವು ಸಾಕಷ್ಟು ಸಿಕ್ಕಿದೆ. ಕಲ್ಲಿದ್ದಲು ಹೊತ್ತವನಿಗೆಂದೇ ಒಂದು ಹೂವು ಇಟ್ಟು ಬನ್ನಿ.

ಮುಂದಿನದು ಸಿಡ್ನಿ. ಆಸ್ಟ್ರೇಲಿಯದ ಸಿಡ್ನಿಯಲ್ಲ, ನೋವಾ ಸ್ಕೋಷಾ ಪ್ರಾಂತದ ಕೇಪ್ ಬ್ರೆಟನ್ ದ್ವೀಪದ್ದು. ಉಕ್ಕು ಮತ್ತು ಕಲ್ಲಿದ್ದಲಿನ ಊರು. ಒಂದು ಶತಮಾನ ಉರಿದ ಉಕ್ಕಿನ ಕಾರ್ಖಾನೆಯನ್ನು 1967ರಲ್ಲಿ ಒಡೆಯರು ಮುಚ್ಚುತ್ತೇವೆಂದಾಗ ಊರಿಗೆ ಊರೇ ಎದ್ದಿತು. ಪ್ರಾಂತ ಸರ್ಕಾರ ಅದನ್ನು ವಹಿಸಿಕೊಂಡು 2001ರವರೆಗೆ ನಡೆಸಿತು. ಕಾರ್ಖಾನೆ ಬಿಟ್ಟುಹೋದ ಡಾಂಬರಿನ ವಿಷದ ಹೊಂಡಗಳನ್ನು ಶುದ್ಧಮಾಡಿ, 2013ರಲ್ಲಿ ಆ ಜಾಗದಲ್ಲಿ ಉದ್ಯಾನ ತೆರೆದರು. ಹಡಗಿನಿಂದ ಇಳಿದು ನಡೆದೇ ಹೋಗಬಹುದು. ಮುಚ್ಚಿದ ಗಿರಣಿಯ ಗೋಡೆಯಲ್ಲಿ ಆಲದ ಗಿಡ ಬೇರುಬಿಡುವುದನ್ನು ಕಂಡವರು, ಕೆಲಸಗಾರರ ನೆನಪಿಗಾಗಿ ಕುಲುಮೆಯ ಹೆಸರನ್ನೇ ಇಟ್ಟ ಆ ಉದ್ಯಾನವನ್ನೂ ಒಮ್ಮೆ ನೋಡಬೇಕು.

ಸಿಡ್ನಿಯಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಗ್ಲೇಸ್ ಬೇ. ಅಲ್ಲಿ ಗಣಿ ಕಾರ್ಮಿಕರ ವಸ್ತುಸಂಗ್ರಹಾಲಯವಿದೆ. ನಿವೃತ್ತ ಗಣಿ ಕಾರ್ಮಿಕರೇ ನೆಲದಡಿಗೆ ಕರೆದೊಯ್ದು, ಬಗ್ಗಿ ನಡೆಸಿ, ತಮ್ಮ ಬದುಕನ್ನು ಹೇಳುತ್ತಾರೆ. 1925ರ ಮುಷ್ಕರದಲ್ಲಿ ಕಂಪೆನಿ ತನ್ನ ಅಂಗಡಿಗಳಲ್ಲಿ ಕಾರ್ಮಿಕರಿಗೆ ಸಾಲ ನಿಲ್ಲಿಸಿತು. ಹತ್ತಿರದ ನ್ಯೂ ವಾಟರ್‌ಫರ್ಡ್ ಊರಿಗೆ ನೀರನ್ನೂ ವಿದ್ಯುತ್ತನ್ನೂ ಕಡಿಯಿತು. ಜೂನ್ 11ರಂದು ಕಂಪೆನಿಯ ಪೋಲೀಸರು ಹಾರಿಸಿದ ಗುಂಡಿಗೆ ವಿಲಿಯಂ ಡೇವಿಸ್ ಎಂಬ ಗಣಿ ಕಾರ್ಮಿಕ ಬಲಿಯಾದ. ಅಲ್ಲಿಯವರು ಇಂದಿಗೂ ಆ ದಿನವನ್ನು ಆಚರಿಸುತ್ತಾರೆ. ಭಾಷೆ ಬಾರದಿದ್ದರೂ, ಆ ವೃದ್ಧರ ಕೈಯ ಕಂಟು ಮತ್ತು ನಮ್ಮ ಹಿರಿಯರ ಕೈಯ ಕಂಟು ಒಂದನ್ನೊಂದು ಗುರುತು ಹಿಡಿಯುತ್ತವೆ.

ಊರಿನವರ ಮಾತು

ಇನ್ನು ಬಾರ್ ಹಾರ್ಬರ್. ಅಮೇರಿಕದ ಮೇನ್ ರಾಜ್ಯದ ಪುಟ್ಟ ಊರು. ಜನಸಂಖ್ಯೆ ಸುಮಾರು 5 ಸಾವಿರ. ದೊಡ್ಡ ಹಡಗು ಕೊಲ್ಲಿಯಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತದೆ. ಸಾಮಾನ್ಯವಾಗಿ ಮೊದಲ ದೋಣಿ ಕಂಪೆನಿಯ ಸುತ್ತಾಟಕ್ಕೆ ಹಣ ಕಟ್ಟಿದವರಿಗೆ, ಉಳಿದವರಿಗೆ ಆಮೇಲೆ. ಆದ್ದರಿಂದ ದಿನದ ಲೆಕ್ಕದಲ್ಲಿ ಒಂದು ಗಂಟೆ ಕಳೆದುಕೊಳ್ಳಿ. ಅಕೇಡಿಯ ರಾಷ್ಟ್ರೀಯ ಉದ್ಯಾನಕ್ಕೆ ಊರ ನಡುವಿನ ಹಸಿರು ಮೈದಾನದಿಂದ ಬಿಟ್ಟಿ ಬಸ್ಸು ಹೊರಡುತ್ತದೆ. ಕಾಸಿಲ್ಲದೆ ಎಲ್ಲರೂ ಹತ್ತಬಹುದು. ಆದರೆ ಅಕ್ಟೋಬರಿನ ಆ ರಜೆಯ ಸೋಮವಾರದ ಸುಮಾರಿಗೆ ಅದು ನಿಂತುಬಿಡುತ್ತದೆ. ಸಾರ್ವಜನಿಕ ಬಸ್ಸು ಇರುವವರೆಗೆ ಬಡವನೂ ಸ್ವತಂತ್ರ. ಅದು ನಿಂತ ದಿನ ಕಂಪೆನಿಯ ಬಸ್ಸೇ ಗತಿ. ಇದು ಆ ಊರಿಗೆ ಮಾತ್ರ ಸಲ್ಲುವ ಮಾತಲ್ಲ.

ಈ ಊರಿನ ಜನ 2022ರ ನವೆಂಬರಿನಲ್ಲಿ ಮತ ಹಾಕಿ, ಹಡಗುಗಳಿಂದ ದಿನಕ್ಕೆ 1,000 ಪ್ರಯಾಣಿಕರಿಗಿಂತ ಹೆಚ್ಚು ಮಂದಿ ಇಳಿಯಕೂಡದೆಂದು ನಿರ್ಣಯಿಸಿದರು. ಕೆಲವು ವ್ಯಾಪಾರಿಗಳೂ ಧಕ್ಕೆಯ ಒಡೆಯರೂ ನ್ಯಾಯಾಲಯಕ್ಕೆ ಹೋದರು. 2024ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಲಯ ಬಹುಮಟ್ಟಿಗೆ ಊರಿನ ನಿರ್ಣಯವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಮಿತಿಯನ್ನು ಸಡಿಲಿಸುವ ಸೂಚನೆ ಕೂದಲೆಳೆಯಲ್ಲಿ ಬಿದ್ದುಹೋಯಿತು.

ಇಲ್ಲಿ ಸಣ್ಣ ವ್ಯಾಪಾರಿಯ ಅಳಲನ್ನು ತಳ್ಳಿಹಾಕುವಂತಿಲ್ಲ. ಆರು ತಿಂಗಳು ಹಿಮ ಕಾಯುವ ಅಂಗಡಿಕಾರನಿಗೆ ಶರತ್ಕಾಲದ ಹಡಗೇ ಸುಗ್ಗಿ. ಹಡಗು ಬಾರದಿದ್ದರೆ ಬಾಡಿಗೆ ಹೇಗೆ ಕಟ್ಟಲೆಂದು ಅವನು ಕೇಳಿದರೆ ತಪ್ಪಿಲ್ಲ. ಆದರೆ ನಾಲ್ಕು ಸಾವಿರ ಜನ ಒಮ್ಮೆಲೇ ಇಳಿದು, ಬೀದಿ ತುಂಬಿ, ಏನೂ ಕೊಳ್ಳದೆ ಬಸ್ಸು ಹತ್ತುವುದಕ್ಕಿಂತ, ಕಡಿಮೆ ಜನ ನಿಧಾನವಾಗಿ ನಡೆದು, ಊಟ ಮಾಡಿ, ಮಾತಾಡಿಸಿ ಹೋಗುವುದು ಅವನಿಗೇ ಲಾಭವಲ್ಲವೆ? ಹಾಗೆ ನಡೆಯುವವನು ಸ್ವತಂತ್ರ ಪ್ರಯಾಣಿಕ. ಊರಿನವರ ಸಿಟ್ಟಿಗೂ ಅಂಗಡಿಯವನ ಹೊಟ್ಟೆಪಾಡಿಗೂ ನಡುವೆ ಅವನೇ ಸೇತುವೆಯಾಗಬಲ್ಲ.

ಕೊನೆಗೆ

ಒಂದು ಆಕ್ಷೇಪಣೆಯನ್ನು ಒಪ್ಪುತ್ತೇವೆ. ಮಂಡಿನೋವಿನವರು, ಕಣ್ಣು ಮಂಜಾದವರು, ಒಂಟಿಯಾಗಿ ಬಂದವರು ಕಂಪೆನಿಯ ಬಸ್ಸಿನಲ್ಲಿ ಹೋದರೆ ಅದರಲ್ಲಿ ಅವಮಾನವೇನೂ ಇಲ್ಲ. ಬಸ್ಸು ಮುಟ್ಟದ ದೂರದ ಜಾಗಗಳಿಗೂ ಅದೇ ಕ್ಷೇಮ. ಹೆದರಿಕೆಯಿಂದ ಮಾತ್ರ ಹಣ ಕಟ್ಟಬೇಡಿರೆಂಬುದಷ್ಟೇ ನಮ್ಮ ಮಾತು.

ಇನ್ನೊಂದನ್ನೂ ನೆನಪಿಡಬೇಕು. ನೀವು ದಡಕ್ಕಿಳಿಯುವಾಗ ಹಡಗಿನಲ್ಲೇ ಉಳಿಯುವವರಿದ್ದಾರೆ: ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು. ಫಿಲಿಪ್ಪೀನ್ಸ್, ಇಂಡೋನೇಷ್ಯಗಳವರೊಡನೆ ನಮ್ಮ ಗೋವ, ಮಂಗಳೂರು ಕಡೆಯ ಹುಡುಗರೂ ಇರುತ್ತಾರೆ. ತಿಂಗಳುಗಟ್ಟಲೆ ಬಂದರಿನಿಂದ ಬಂದರಿಗೆ ಸುತ್ತಿದರೂ ಕಾಲಿಟ್ಟು ನೋಡಲು ಅವರಿಗೆ ಸಿಗುವುದು ಕೆಲವೇ ಗಂಟೆ. “ಎಲ್ಲಿಯವರಪ್ಪಾ?” ಎಂದು ಕನ್ನಡದಲ್ಲೋ ತುಳುವಿನಲ್ಲೋ ಒಮ್ಮೆ ಕೇಳಿ, ಯಾವ ಊರಿನಲ್ಲಿ ಅಗ್ಗದ ಬಸ್ಸು ಎಲ್ಲಿ ಸಿಗುತ್ತದೆಂಬುದು ಅವರಿಗೇ ಚೆನ್ನಾಗಿ ಗೊತ್ತು.

ನಮ್ಮ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ಇಂಥ ಹಡಗುಗಳು ಬರುತ್ತವೆ. ಬಂದವರನ್ನು ಬಸ್ಸಿನಲ್ಲಿ ಕೂರಿಸಿ ಕಾರ್ಕಳದ ಗೊಮ್ಮಟ, ಮೂಡಬಿದರೆಯ ಸಾವಿರ ಕಂಬದ ಬಸದಿ ತೋರಿಸಿ ಸಂಜೆಗೆ ಹಡಗಿಗೆ ಸೇರಿಸುತ್ತಾರೆ. ಅಂಥವರಲ್ಲಿ ಒಬ್ಬರು ತಾವಾಗಿ ಇಳಿದು ಆಟೋ ಹಿಡಿದು ಹಂಪನಕಟ್ಟೆಯಲ್ಲಿ ಚಹ ಕುಡಿದರೆ, ಆಟೋದವನಿಗೂ ಚಹದಂಗಡಿಯವನಿಗೂ ಅದೊಂದು ಬೋಣಿ. ಅಲ್ಲಿಯ ನ್ಯಾಯವೇ ಇಲ್ಲಿಯ ನ್ಯಾಯ.

ಹಿರಿಯರು ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಬಾಗಿಲವರೆಗೆ ಹೋಗಿ ತಿರುಗಿ, “ಲೋವೆಲ್‌ನಲ್ಲಿ ಮಗ್ಗ ಓಡಿಸೋವಾಗ ನೂಲು ಹರಿದರೆ ನಾನೇ ಗಂಟು ಹಾಕಿ ತೋರಿಸ್ತೀನಿ” ಎಂದರು. ಯಾವ ಕಂಪೆನಿಯ ಸುತ್ತಾಟದಲ್ಲಿಯೂ ಆ ಸುಖಕ್ಕೆ ಟಿಕೇಟು ಸಿಗುವುದಿಲ್ಲ.