ಪ್ರಶ್ನೆ ರಚಿಸುವವರ ಹೊಣೆ

2021ನೆಯ ಇಸವಿಯ ಜುಲೈ 19 ಮತ್ತು 22ರಂದು, ಕೋವಿಡ್ ಸಾಂಕ್ರಾಮಿಕದ ನಿಮಿತ್ತವಾಗಿ, ನಮ್ಮ ನಾಡಿನ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಎರಡೇ ದಿನಗಳಲ್ಲಿ ಮುಗಿಯಿತು. ವಿಷಯವೊಂದಕ್ಕೆ 40 ಅಂಕ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ. ಸರಿಯಾದುದನ್ನು ಗುರುತಿಸಿದರೆ ಸಾಕು. ಊಹೆಯಿಂದಲೇ ನಾಲ್ಕರಲ್ಲೊಂದು ಪಾಲು ಅಂಕ ಬರಬಹುದಾದುದರಿಂದ ಇದು ವಿದ್ಯೆಯಲ್ಲ, ಜೂಜು ಎಂದು ಹಳಿಯುವವರುಂಟು. ದೋಷವು ಪದ್ಧತಿಗಿಂತ ಹೆಚ್ಚಾಗಿ ಪ್ರಶ್ನೆ ರಚಿಸುವವರದೆಂಬುದು ನಮ್ಮ ಅಭಿಪ್ರಾಯವು.

ಪಾಣೆಮಂಗಳೂರಿನ ಮಗ್ಗುಲಲ್ಲಿ ಹರಿಯುವ ನದಿ ಯಾವುದೆಂದು ಕೇಳಿ, ನೇತ್ರಾವತಿಯ ಜೊತೆಗೆ ಗಂಗೆ, ಯಮುನೆ, ಸಿಂಧುಗಳನ್ನಿಟ್ಟರೆ ಪರೀಕ್ಷಿಸಿದುದೇನು? ಓದದವನೂ ಗೆಲ್ಲುವನು. ಕುಮಾರಧಾರಾ, ಫಲ್ಗುಣಿ, ಶಾಂಭವಿಗಳನ್ನಿಡಲಿ. ಕುಮಾರಧಾರೆಯೆಂದವನು, ಅದು ಮೇಲ್ಗಡೆ ಉಪ್ಪಿನಂಗಡಿಯಲ್ಲಿಯೇ ನೇತ್ರಾವತಿಯನ್ನು ಕೂಡುವುದೆಂಬುದನ್ನು ಅರಿಯನು. ಫಲ್ಗುಣಿಯೆಂದವನು ಗುರುಪುರದ ಹೊಳೆಯನ್ನು ಇತ್ತ ತಿರುಗಿಸಿರುವನು. ಹೀಗೆ ತಪ್ಪುತ್ತರವೂ ಉಪಾಧ್ಯಾಯರಿಗೆ ದಾರಿ ತೋರುವುದು.

ಸರಿಯುತ್ತರವು ಮಿಕ್ಕವುಗಳಿಗಿಂತ ಉದ್ದವಾಗಿದ್ದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡಬಾರದು. ‘ಅಲ್ಲ’ ಎಂಬ ಮಾತು ಪ್ರಶ್ನೆಯ ಮೂಲೆಯಲ್ಲಿ ಅಡಗಿರಬಾರದು. ನಿರ್ವಿವಾದವಾದ ಉತ್ತರವು ಒಂದೇ ಇರಬೇಕು. ಕೆಲವು ಗಂಟೆಗಳ ಪರೀಕ್ಷೆಯ ಮೇಲೆ ಬಡವರ ಮಕ್ಕಳ ಮುಂದಿನ ಹಾದಿಯು ನಿಂತಿರುವಾಗ, ಪ್ರಶ್ನೆ ಬರೆಯುವ ಕೈ ಅವಸರಪಡುವುದು ಅನ್ಯಾಯವಲ್ಲದೆ ಮತ್ತೇನು?