ಇಲ್ಲ ಎಂಬುದನ್ನಾದರೂ ಬರೆದುಕೊಡಿ

ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವನ್ನು ನಾವೆಲ್ಲ ಬೈದದ್ದೇ ಬೈದದ್ದು. ಮಗ ಹುಟ್ಟಿದಾಗ ಅರ್ಜಿ ಹಾಕಿದರೆ ಅವನ ಮದುವೆ ಹೊತ್ತಿಗೆ ಫೋನು ಬಂದೀತು ಎಂದು ನಗಾಡುತ್ತಿದ್ದೆವು. ಹೆಚ್ಚು ಠೇವಣಿ ಕಟ್ಟಬಲ್ಲವರಿಗೆ ‘ಓವೈಟಿ’ ಎಂಬ ಬೇರೆ ಸಾಲು, ಉಳಿದವರಿಗೆ ಹನುಮಂತನ ಬಾಲ. ಆದರೂ ಆ ಕಾಲದ ಬಗ್ಗೆ ಇವತ್ತು ಒಂದು ಒಳ್ಳೆಯ ಮಾತು ಆಡಲೇಬೇಕಾಗಿದೆ. ಅಲ್ಲಿ ಒಂದು ರಿಜಿಸ್ಟರ್ ಇತ್ತು. ಅದರಲ್ಲಿ ನಮ್ಮ ಹೆಸರು, ಹೆಸರಿನ ಮುಂದೊಂದು ನಂಬರು. ಕೊಡದೆ ಸತಾಯಿಸಿದರೂ, ಕೊಡಬೇಕಾದದ್ದು ಬಾಕಿ ಇದೆಯೆಂದು ಇಲಾಖೆ ಒಪ್ಪಿಕೊಂಡಿತ್ತು.

ಈಗ ಮನೆಗೆ ಬ್ರಾಡ್‌ಬ್ಯಾಂಡ್ ಬೇಕೆಂದು ಕೇಳಿ ನೋಡಿ. ರಿಜಿಸ್ಟರೂ ಇಲ್ಲ, ನಂಬರೂ ಇಲ್ಲ. ಇರುವುದು ಒಂದು ಮಾತು, ಅದೂ ಬಾಯಿಮಾತು: ‘ಫೀಸಿಬಿಲಿಟಿ ಇಲ್ಲ ಮೇಡಂ.’

ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಪೇಟೆ. ಮನೆ ಹೊಸ ಬಡಾವಣೆಯಲ್ಲಿ. ಗೇಟಿನೆದುರಿನ ಕಂಬದ ಮೇಲೇ ಆ ಕಪ್ಪು ತಂತಿ ಹಾದುಹೋಗಿದೆ. ಕಾಗೆ ಅದರ ಮೇಲೆ ಕೂರುತ್ತದೆ, ಒಳಗೆ ಹರಿಯುವುದು ನಮಗೆ ಸಿಕ್ಕುವುದಿಲ್ಲ. ಕರಪತ್ರ ಹಂಚಲು ಬಂದ ಹುಡುಗ ‘ನಾಳೆಯೇ ಹಾಕ್ತೀವಿ ಮೇಡಂ’ ಎಂದು ಮುಂಗಡ ತೆಗೆದುಕೊಂಡು ಹೋದ. ಎರಡು ವಾರ ಬಿಟ್ಟು ಬಂದ ಇನ್ನೊಬ್ಬ ಕಂಬದ ಡಬ್ಬಿ ತೆರೆದು ನೋಡಿ, ನನ್ನನ್ನು ಬಿಟ್ಟು ನನ್ನ ಹಿಂದೆ ಬಾಗಿಲ ಕಡೆ ಕಣ್ಣು ಹಾಯಿಸಿ, ‘ಸರ್ ಇದ್ದಾರಾ?’ ಎಂದ. ಪೋರ್ಟ್ ಖಾಲಿ ಇಲ್ಲವಂತೆ. ಅದನ್ನು ನನಗೆ ಹೇಳಿದರೆ ಅರ್ಥವಾಗುವುದಿಲ್ಲ ಎಂದು ಅವನ ಎಣಿಕೆ ಇರಬೇಕು.

ಅರ್ಥವಾಗದಂಥದ್ದು ಅದರಲ್ಲೇನೂ ಇಲ್ಲ. ಎಕ್ಸ್‌ಚೇಂಜಿನಿಂದ ಬರುವ ಕೂದಲಿನಂಥ ಗಾಜಿನ ಎಳೆಯೊಂದರ ಬೆಳಕನ್ನು ಸ್ಪ್ಲಿಟರ್ ಎಂಬ ಪುಟ್ಟ ಸಾಧನ 16, 32 ಅಥವಾ 64 ಪಾಲು ಮಾಡುತ್ತದೆ. ಕಂಬದ ಡಬ್ಬಿಯಲ್ಲಿ 8 ಕಿಂಡಿಯೋ 16 ಕಿಂಡಿಯೋ ಇರುತ್ತವೆ. ಒಂದು ಮನೆಗೆ ಒಂದು ಕಿಂಡಿ. ತುಂಬಿದ ಮೇಲೆ ಇನ್ನೊಂದು ಡಬ್ಬಿ ಬೇಕು, ಕೆಲವೊಮ್ಮೆ ಎಕ್ಸ್‌ಚೇಂಜಿನಲ್ಲಿ ಇನ್ನೊಂದು ಕಾರ್ಡು ಬೇಕು. ಹದಿನಾರು ಎಲೆ ಹಾಕಿ ಐವತ್ತು ಜನರನ್ನು ಊಟಕ್ಕೆ ಕರೆಯುವವರನ್ನು ನಮ್ಮ ಕಡೆ ಏನೆನ್ನುತ್ತಾರೆ, ನೀವೇ ಹೇಳಿ.

ಡಬ್ಬಿ ಯಾವಾಗ ಬರುತ್ತದೆ ಎಂದೆ. ‘ಇನ್ನೂ ಹತ್ತು ಮನೆಯವರು ಕೇಳಿದರೆ ಹಾಕ್ತಾರೆ.’ ಕೇಳಿದವರನ್ನು ಎಲ್ಲಿ ಬರೆದುಕೊಳ್ಳುತ್ತೀರಿ? ‘ಫೀಸಿಬಿಲಿಟಿ ಇಲ್ಲದಿದ್ದರೆ ಕಂಪ್ಯೂಟರ್ ಅರ್ಜಿನೇ ತಗೊಳ್ಳಲ್ಲ ಮೇಡಂ.’ ಕೇಳಿದವರಿಲ್ಲ, ಆದ್ದರಿಂದ ಡಬ್ಬಿಯಿಲ್ಲ. ಡಬ್ಬಿಯಿಲ್ಲ, ಆದ್ದರಿಂದ ಕೇಳಿದವರು ಲೆಕ್ಕಕ್ಕಿಲ್ಲ. ಬಡತನವಾದರೆ ಸಹಿಸಬಹುದು, ಇದು ಬಡತನವಲ್ಲ. ಲೆಕ್ಕವನ್ನೇ ಇಡದಿರುವ ಜಾಣತನ.

ನಿಯಮ ಇರಲಿಲ್ಲವೆಂದಲ್ಲ. 2006ರಲ್ಲಿ ಟ್ರಾಯ್ ಮಾಡಿದ ನಿಯಮದಲ್ಲಿ, 15 ಕೆಲಸದ ದಿನಗಳೊಳಗೆ ಬ್ರಾಡ್‌ಬ್ಯಾಂಡ್ ಕೊಡಬೇಕು, ದುಡ್ಡು ಕಟ್ಟಿಸಿಕೊಂಡು ಕೊಡದಿದ್ದರೆ ದಿನಕ್ಕೆ 10 ರೂಪಾಯಿಯಂತೆ ಮೊದಲ ಬಿಲ್ಲಿನಲ್ಲಿ ಕಳೆಯಬೇಕು ಎಂದಿತ್ತು. ಮೊದಲ ಬಿಲ್ಲು! ತಂತಿಯೇ ಬಾರದವರಿಗೆ ಬಿಲ್ಲೆಲ್ಲಿಂದ? ಅದರ ಜೊತೆಗೇ ‘ತಾಂತ್ರಿಕವಾಗಿ ಸಾಧ್ಯವಿದ್ದಲ್ಲಿ’ ಎಂಬ ಬಾಲವೊಂದನ್ನೂ ಸೇರಿಸಿದ್ದರು. ಸಾಧ್ಯವೋ ಅಲ್ಲವೋ ಎಂದು ಹೇಳುವವನು ಯಾರು? ಕೊಡಬೇಕಾದವನೇ. ನಾನು ನಾಲ್ಕು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದು ಒಂದಿಷ್ಟು ಸಂಪಾದಿಸುವವಳು. ತಿಂಗಳ 20ನೇ ತಾರೀಕು ದಾಟಿದರೆ ನನ್ನ ಅಂಗಡಿಯವರಿಗೆ ದಿನಕ್ಕೆ 50 ರೂಪಾಯಿ ದಂಡ. ಅಲ್ಲಿ ‘ತಾಂತ್ರಿಕವಾಗಿ ಸಾಧ್ಯವಿದ್ದಲ್ಲಿ’ ಎಂಬ ಮಾತು ನಮಗೆ ಯಾರೂ ಬರೆದುಕೊಟ್ಟಿಲ್ಲ.

‘ಮೊಬೈಲ್ ಇದೆಯಲ್ಲ, ಸಾಲದೆ?’ ಎನ್ನುವವರಿದ್ದಾರೆ. ಹಾಗೆನ್ನುವವರು ಹೆಚ್ಚಾಗಿ ಗಂಡಸರು ಎಂದರೆ ಸಿಟ್ಟಾಗಬೇಡಿ. 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು, ಅಪ್ಪ ಕೊಡೆ ಹಿಡಿದು ನಿಂತಿದ್ದ. ಆ ಚಿತ್ರವನ್ನು ದೇಶವೆಲ್ಲ ನೋಡಿತು, ‘ಅಯ್ಯೋ ಪಾಪ’ ಎಂದಿತು, ಮುಂದಿನ ಚಿತ್ರಕ್ಕೆ ಹೋಯಿತು. ಇನ್ನೂ ಒಂದು ಮಾತಿದೆ. ಮೊಬೈಲು ಒಬ್ಬರ ಜೇಬಿನ ವಸ್ತು, ಹೊರಗೆ ಹೋಗುವವರ ಜೊತೆ ಹೊರಗೆ ಹೋಗುತ್ತದೆ. ಮನೆಗೆ ಬಂದ ತಂತಿ ಮನೆಯಲ್ಲಿ ಉಳಿಯುವವರ ಜೊತೆ ಉಳಿಯುತ್ತದೆ. ಉಳಿಯುವವರು ಯಾರೆಂದು ಬೇರೆ ಹೇಳಬೇಕೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೊಮ್ಮೆ ಇಂಟರ್ನೆಟ್ ಬಳಸಿದ್ದೇವೆ ಎಂದ ಗಂಡಸರು ನೂರಕ್ಕೆ 57.1, ಹೆಂಗಸರು 33.3. ಈ ಅಂತರಕ್ಕೆ ಕಾರಣ ಹಲವು. ಮನೆಗೆ ಬಾರದ ತಂತಿಯೂ ಅವುಗಳಲ್ಲೊಂದು ಎಂದು ನಾನು ಹೇಳುತ್ತೇನೆ. ತಂತಿಯಿಲ್ಲದ ಮನೆಯಲ್ಲಿ ಮಗನ ಪರೀಕ್ಷೆಗೆ, ಗಂಡನ ಮೀಟಿಂಗಿಗೆ ಮೊದಲು ಖರ್ಚಾಗುವುದು ಅಮ್ಮನ ಮೊಬೈಲಿನ ಡೇಟಾ. ‘ನಿನಗೇನು ಅಂಥ ಅರ್ಜೆಂಟು?’ ಎಂಬ ಪ್ರಶ್ನೆ ಅದರ ಜೊತೆಗೇ ಉಚಿತ.

ದುಡ್ಡಿಲ್ಲ ಎನ್ನುವ ಹಾಗೂ ಇಲ್ಲ. ದೂರಸಂಪರ್ಕ ತಲುಪದ ಕಡೆ ತಲುಪಿಸಲೆಂದೇ 2002ರಲ್ಲಿ ಸಾರ್ವತ್ರಿಕ ಸೇವಾ ನಿಧಿಯನ್ನು ಮಾಡಿದರು. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಕಂಪನಿಗಳ ಆದಾಯದಲ್ಲಿ ನೂರಕ್ಕೆ 5 ಅದಕ್ಕೆ ಹೋಗುತ್ತದೆ, ಅಂದರೆ ನಾವು ಕಟ್ಟುವ ಬಿಲ್ಲಿನಿಂದಲೇ. ಅದರಿಂದ ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಬಂತು. ಹಳ್ಳಿಯ ಅಕ್ಕತಂಗಿಯರಿಗೆ ಅಷ್ಟಾದರೂ ದಕ್ಕಲಿ, ಹೊಟ್ಟೆಕಿಚ್ಚಿಲ್ಲ. ಬೆಂಗಳೂರಿನಲ್ಲಿ ಕಂಪನಿಗಳೇ ಮನೆ ಬಾಗಿಲಿಗೆ ಬಂದು ಬೀಳುತ್ತವೆ. ನಡುವಿನ ನಾವು, ಹಳ್ಳಿಯೂ ಅಲ್ಲದ ನಗರವೂ ಅಲ್ಲದ ಪೇಟೆಯ ಹೊರಬಡಾವಣೆಯವರು, ಯಾರ ನಕ್ಷೆಯಲ್ಲಿದ್ದೇವೆ? ಸರ್ಕಾರ ಪಹಣಿಯಿಂದ ಗೃಹಲಕ್ಷ್ಮಿಯವರೆಗೆ ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಿತು, ಸಂತೋಷ. ಆದರೆ ಆ ಕಂಪ್ಯೂಟರಿನವರೆಗೆ ಹೋಗುವ ದಾರಿಯನ್ನು ಕಂಪನಿಯ ಮರ್ಜಿಗೆ ಬಿಟ್ಟಿತು.

ನಾನು ಕೇಳುವುದು ದೊಡ್ಡದೇನಲ್ಲ. ಯಾವ ಕಂಬದ ಡಬ್ಬಿಯಲ್ಲಿ ಎಷ್ಟು ಕಿಂಡಿ, ಎಷ್ಟು ಖಾಲಿ ಎಂದು ಊರಿಗೆ ಗೊತ್ತಾಗುವಂತೆ ಬರೆದು ಹಾಕಲಿ. ಖಾಲಿ ಇಲ್ಲದ ಕಡೆ ಮುಂಗಡ ಎತ್ತಕೂಡದು. ಕೊಡಲಾಗದಿದ್ದರೆ ಕೊಡಲಾಗದು ಎಂದು ತಾರೀಕು, ಕಾರಣ, ರುಜು ಹಾಕಿ ಕೊಡಲಿ. ಬಾಯಲ್ಲಿ ಹೇಳಿದ ‘ಇಲ್ಲ’ವನ್ನು ಯಾವ ಮೇಲಧಿಕಾರಿಯ ಮುಂದೆ ಇಡೋಣ?

ಅವರು ಇಡದ ರಿಜಿಸ್ಟರನ್ನು ಈಗ ನಾನೇ ಇಟ್ಟಿದ್ದೇನೆ. ಇನ್ನೂರು ಪುಟದ ನೋಟ್‌ಬುಕ್ಕು. ಎರಡು ಭಾನುವಾರ ಬೀದಿ ಸುತ್ತಿದ್ದಕ್ಕೆ 37 ಮನೆ ಸಿಕ್ಕಿತು. ಅರ್ಜಿದಾರರ ಕಾಲಮ್ಮಿನಲ್ಲಿ ಮನೆಯಾಕೆಯ ಹೆಸರೇ ಇರಬೇಕೆಂದು ಹಟ ಹಿಡಿದೆ. ಮೂವರು ‘ಅವರನ್ನು ಕೇಳಿ ಹೇಳ್ತೀನಿ’ ಎಂದರು, ಆಮೇಲೆ ತಾವೇ ಬಂದು ಬರೆಸಿದರು. ಪ್ರತಿ ಮಾಡಿಸಿ ಕೊಡಲು ಹೋದರೆ ಕಂಪನಿಯ ಕಚೇರಿಯವರು ಸೀಲು ಒತ್ತಲು ಬರುವುದಿಲ್ಲ ಎಂದರು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ರಸೀದಿ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ. ನಿಮ್ಮ ಬೀದಿಯಲ್ಲೂ ಒಬ್ಬರು ಪುಸ್ತಕ ತೆಗೆಯಿರಿ.